ಭೂತಗನ್ನಡಿ

ಕೊರಿಯರಿನಲ್ಲಿ ಬಂದದ್ದು ಒಂದು ಪುಟ್ಟ ಪ್ಲಾಸ್ಟಿಕ್ ಚೀಲ.
ಒಳಗೆ ಒಂದೇ ಸೀಳುಪಿನ್ನು, ಒಂದು ಕಾಲು ಮುರಿದದ್ದು.
ಜೊತೆಗೆ ನಾಲ್ಕು ಪುಟದ ಪತ್ರ.

ತುಳಜಾಸಾ ಮೆಹರವಾಡೆಯವರು ಕನ್ನಡಕ ಹಣೆಗೇರಿಸಿ
ಪಿನ್ನನ್ನು ಅಂಗೈಯಲ್ಲಿ ಹೊರಳಿಸಿದರು:
"ಎಪ್ಪತ್ತು ಪೈಸಾದ ಮಾಲು.
ಇದಕ್ಕ ನಾಕ್ ಪುಟಾ ಬರದಾರ ನೋಡು, ಪುಣ್ಯಾತ್ಮರು."

ಪತ್ರದಲ್ಲಿ ಬೈಗುಳ ಇರಲಿಲ್ಲ. ಅದೇ ಕಷ್ಟ.
ಎಲ್ಲಿಯದೋ ಒಂದು ಅಣುಸ್ಥಾವರ,
ಊರಿನ ಹೆಸರಿನ ಮೇಲೆ ಕಪ್ಪು ಮಸಿ ಎಳೆದಿದ್ದರು.
ಪರೀಕ್ಷೆಯ ದಿನ ಸುರಕ್ಷಾ ವಾಲ್ವು
ಸರಿಯಾಗಿಯೇ ಬಾಯಿ ತೆರೆಯಿತಂತೆ,
ಆಮೇಲೆ ಮುಚ್ಚಲಿಲ್ಲವಂತೆ.
ಹನ್ನೊಂದು ನಿಮಿಷ.
ಯಾರಿಗೂ ಏನೂ ಆಗಿಲ್ಲ ಎಂದು ಎರಡು ಸಲ ಬರೆದಿದ್ದರು;
ಎರಡನೆಯ ಸಲ ಓದಿದಾಗ ನನಗೆ ಹೆದರಿಕೆಯಾಯಿತು.

ಹದಿನಾರು ವರ್ಷ ಗೋಕುಲ ರೋಡಿನ ಈ ಶೆಡ್ಡಿನಲ್ಲಿ ಕೂತು
ವಾಲ್ವಿನ ಬಗ್ಗೆ ನಾನು ಕಲಿತದ್ದು ಇಷ್ಟೇ:
ಅದರ ಕೆಲಸ ಸುಮ್ಮನಿರುವುದು.
ವರ್ಷಗಟ್ಟಲೆ ಹಲ್ಲು ಕಚ್ಚಿ ಕೂತು
ಒಂದೇ ಒಂದು ಗಳಿಗೆ ಉಸಿರು ಬಿಟ್ಟು
ಮತ್ತೆ ಹಲ್ಲು ಕಚ್ಚುವುದು.
ನನ್ನ ಅತ್ತೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲಾಟ್ ನಂಬರು ಓದುತ್ತಲೇ ದಿನ ನೆನಪಾಯಿತು,
ರಜಿಸ್ಟರು ತೆಗೆಯುವ ಮೊದಲೇ.

ಆಷಾಢದ ಗಾಳಿಗೆ ಮೇಲಿನ ಪತ್ರಾಸು ಬಡಿದುಕೊಳ್ಳುತ್ತಿತ್ತು.
ಮೂರೂವರೆಗೆ ಲೇಥಿನ ದಾವಲ್ ಕೂಗಿಕೊಂಡ.
ಹೊಸ ಹುಡುಗ, ನೂಲ್ವಿಯವನು.
ಉಕ್ಕಿನ ಒಂದು ಎಳೆ, ಕೂದಲಿಗಿಂತ ತೆಳ್ಳಗಿನದು,
ಹೆಬ್ಬೆರಳಿನ ಉಗುರ ಬುಡಕ್ಕೆ ಹೊಕ್ಕಿತ್ತು.
"ಕಾಣವಲ್ದ್ರಿ ಅಕ್ಕಾರ, ಆದ್ರ ಐತ್ರಿ."

ಇಡೀ ಶೆಡ್ಡಿಗೆ ಒಂದೇ ಭೂತಗನ್ನಡಿ, ನನ್ನದು.
ಅವನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು
ಸೂಜಿಯ ತುದಿಯಲ್ಲಿ ಹುಡುಕಿದೆ.
ಗಾಜಿನಡಿ ಅವನ ಚರ್ಮ
ಬೇಸಿಗೆಯ ಎರೆನೆಲದಂತೆ ಬಿರಿದಿತ್ತು,
ಬಿರುಕು ಬಿರುಕಿನಲ್ಲೂ ಆಯಿಲ್ಲು.
ಮುಕ್ಕಾಲು ತಾಸು.
ಸಿಕ್ಕಿತು.
ಅವನು ನಕ್ಕ. ಎಡಗೈಯಲ್ಲಿ ಚಹಾ ಕುಡಿದ.

ಟ್ರೇಯಲ್ಲಿ ಇನ್ನೂ ಅರವತ್ತು ಪಿನ್ನು ಉಳಿದಿದ್ದವು.
ಟೆಂಪೋದವನು ಗೇಟಿನಲ್ಲಿ ಹಾರ್ನು ಹೊಡೆಯುತ್ತಿದ್ದ.
ಗಾಜಿಗೆ ರಕ್ತ ಹತ್ತಿತ್ತು, ಒರೆಸಲಿಲ್ಲ.
ಒಂದೊಂದನ್ನೂ ಉಗುರಿನಿಂದ ಸವರಿದೆ.
ಇಷ್ಟು ವರ್ಷದ ಉಗುರು, ಅದಕ್ಕೆ ತಿಳಿಯುತ್ತದೆ ಅಂದುಕೊಂಡೆ.
ಸಹಿ ಮಾಡಿದೆ: ಈ. ಬ. ಹಂಚಿನಮನಿ.

ಈಗ ಅದೇ ಗಾಜಿನಡಿ ಪಿನ್ನು.
ಬಾಗಿದ ಕಡೆಯಿಂದ ಒಂದು ಗೆರೆ ಹೊರಟು
ಮುರಿದ ಅಂಚಿಗೆ ಹೋಗಿ ಮುಗಿಯುತ್ತದೆ.
ಅಂದೇ ಇತ್ತೋ, ಅಲ್ಲಿ ಬಿಸಿಯಲ್ಲಿ ನಡುಗಿ ನಡುಗಿ ಬಂತೋ,
ಗಾಜು ಹೇಳುವುದಿಲ್ಲ.
ಗಾಜು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ;
ತಾರೀಖು ತೋರಿಸುವುದಿಲ್ಲ.

ಪತ್ರದ ಕೊನೆಗೆ ಒಂದು ಚೌಕ, ಮೂರು ಬೆರಳಗಲ:
ದೋಷದ ಮೂಲ ಕಾರಣ.
"ತಂತಿ ಕೊಟ್ಟವನ ತಪ್ಪಂತ ಬರಿ," ಅಂದರು ತುಳಜಾಸಾ.
ಸ್ವಲ್ಪ ಹೊತ್ತಿಗೆ ಅವರೇ, ಕಿಟಕಿಯ ಕಡೆ ನೋಡುತ್ತ,
"ಹುಡುಗನ ಹೆಸರು ಮಾತ್ರ ಬ್ಯಾಡ."

ಬರೆದೆ:
ಆ ಹೊತ್ತಿಗೆ ತಪಾಸಣೆಯ ಗಾಜು ಬೇರೆ ಕೆಲಸದಲ್ಲಿತ್ತು.
ಓದಿದರು. ಹರಿಯಲಿಲ್ಲ. ಸಹಿಯನ್ನೂ ಹಾಕಲಿಲ್ಲ.
"ಇನ್ನೊಂದು ಗಾಜು ತರಸ್ರಿ," ಅಂದೆ,
"ನಾಕನೂರಾ ಐವತ್ತು ರೂಪಾಯಿ."

ಹೊರಗೆ ದಾವಲ್ ಕೈ ತೊಳೆಯುತ್ತಿದ್ದ.
ಹೆಬ್ಬೆರಳು ನೋಡಿದೆ. ಗುರುತೇ ಇಲ್ಲ.
ಏನನ್ನು ತೆಗೆದಿದ್ದೆವೆಂದು ಅವನಿಗೂ ನೆನಪಿಲ್ಲ.

ಸಂಜೆ ಹೊಸೂರಿನಲ್ಲಿ ಚಿಗರಿ ಬಸ್ಸು ಹತ್ತಿದೆ.
ಉಣಕಲ್ಲಿನಲ್ಲಿ ಬಾಗಿಲು ಉಸ್ಸೆಂದು ತೆರೆಯಿತು,
ಇಬ್ಬರು ಇಳಿದರು, ಒಂದು ಕೂಸು ಹತ್ತಿತು, ಅದರ ತಾಯಿ ಹತ್ತಿದಳು.
ಅದು ಮತ್ತೆ ಮುಚ್ಚುವ ತನಕ
ನಾನು ಉಸಿರು ಹಿಡಿದು ನಿಂತಿದ್ದೆ.